ಹನ್ನೆರಡು ತುಂಡುಗಳ ಗರುಡ

ಗರುಡನನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೂ ಅವನ ಗುರುತು ಹಿಡಿಯದ ಮಗು ನಮ್ಮಲ್ಲಿ ಸಿಗುವುದು ಕಷ್ಟ. ಹದ್ದಿನ ಕೊಕ್ಕು, ಮನುಷ್ಯನ ಮೈ, ಬೆನ್ನಿಗೆ ಎರಡು ರೆಕ್ಕೆ, ಜೋಡಿಸಿದ ಕೈ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ಮಕ್ಕಳಿಗಂತೂ ಅವನು ತೀರ ಪರಿಚಿತ. ತುಂಗಭದ್ರೆಯ ದಂಡೆಯ ಈ ಊರು ವಿಜಯದಾಸರ (1682-1755) ಊರು. ಕಾರ್ತಿಕ ಶುದ್ಧ ದಶಮಿಯಂದು ದಾಸರ ಆರಾಧನೆಗೆ ಇಲ್ಲಿ ಜನ ಸೇರುತ್ತಾರೆ. ಹರಿಯ ಹೆಸರು ಬಂದಲ್ಲಿ ಅವನ ವಾಹನದ ಹೆಸರೂ ಬರಲೇಬೇಕಲ್ಲ!

ಮನಸ್ಸಿನಲ್ಲಿ ಹದ್ದಿನ ಕೊಕ್ಕನ್ನು ಮನುಷ್ಯನ ಮುಖಕ್ಕೆ ಕೂಡಿಸುವುದು ಸುಲಭ. ಅಲ್ಲಿ ಅಂಟು ಬೇಡ, ಮೊಳೆ ಬೇಡ. ಅದೇ ಗರುಡನನ್ನು ಗೇಣುದ್ದದ ಬೊಂಬೆಯಾಗಿ ಮಾಡಲು ಕುಳಿತಾಗ ಮಾತು ಬೇರೆ. ರೆಕ್ಕೆಯ ಭಾರಕ್ಕೆ ಬೊಂಬೆ ಹಿಂದಕ್ಕೆ ವಾಲುತ್ತದೆ. ಕೊಕ್ಕಿನ ತುದಿ ಮುರಿಯುತ್ತದೆ. ಬೇಸಿಗೆಯಲ್ಲಿ ಸಂದು ಬಿಡುತ್ತದೆ, ಮಳೆಗಾಲದಲ್ಲಿ ಬಣ್ಣ ಏಳುತ್ತದೆ. ಕಲ್ಪನೆಯ ಪ್ರಾಣಿಯಾದರೇನು, ಮರದಲ್ಲಿ ಮೂಡಬೇಕಾದರೆ ಮರದ ಮಾತು ಕೇಳಲೇಬೇಕು. ಆ ಮಾತನ್ನು ತಲೆತಲಾಂತರದಿಂದ ಬಲ್ಲವರು ನಮ್ಮ ಸೀಮೆಯಲ್ಲೇ ಇದ್ದಾರೆ.

ಕಿನ್ನಾಳದ ಚಿತ್ರಗಾರರು

ಚೀಕಲಪರ್ವಿಯಿಂದ ಹೊಳೆಯ ಮೇಲ್ಭಾಗಕ್ಕೆ ಹೋದರೆ ಆನೆಗೊಂದಿ, ಹಂಪಿಗಳಾಚೆ ಕೊಪ್ಪಳದ ಸೀಮೆ ಬರುತ್ತದೆ. ಕೊಪ್ಪಳದ ಹತ್ತಿರದ ಊರು ಕಿನ್ನಾಳ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವವರೆಗೆ ಕಿನ್ನಾಳವೂ ರಾಯಚೂರು ಜಿಲ್ಲೆಯ ಊರೇ ಆಗಿತ್ತು. ಇಲ್ಲಿನ ಮರದ ಬೊಂಬೆಗಳನ್ನು ಮಾಡುವವರು ಚಿತ್ರಗಾರರು. ಹಂಪಿಯ ವಿರೂಪಾಕ್ಷ ದೇವಾಲಯದ ಚಿತ್ರಗಳು ಇವರ ಪೂರ್ವಿಕರ ಕೈಕೆಲಸವೆಂಬ ಪ್ರತೀತಿ ಇದೆ. ಕಿನ್ನಾಳದ ಬೊಂಬೆಗಳಿಗೆ ಇಂದು ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಅಂದರೆ ಬೇರೆ ಊರಿನಲ್ಲಿ ತಯಾರಾದ ಬೊಂಬೆಗೆ ಆ ಹೆಸರು ಹಚ್ಚಿ ಮಾರುವಂತಿಲ್ಲ.

ಕರ್ನಾಟಕದಲ್ಲಿ ಬೊಂಬೆ ಎಂದೊಡನೆ ಎಲ್ಲರೂ ಚನ್ನಪಟ್ಟಣದ ಹೆಸರು ಹೇಳುತ್ತಾರೆ. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಚನ್ನಪಟ್ಟಣದ ಬೊಂಬೆ ಚರಕಿಯ ಮೇಲೆ ತಿರುಗಿ ರೂಪ ಪಡೆಯುತ್ತದೆ. ಆದ್ದರಿಂದ ಅದು ದುಂಡಗೆ, ನುಣ್ಣಗೆ ಇರುತ್ತದೆ. ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಆದರೆ ಗರುಡನ ರೆಕ್ಕೆಯನ್ನಾಗಲಿ, ಕಾಮಧೇನುವಿನ ಮುಖವನ್ನಾಗಲಿ ಚರಕಿಯಲ್ಲಿ ತಿರುಗಿಸಿ ತೆಗೆಯಲಾಗದು. ಕಿನ್ನಾಳದಲ್ಲಿ ಒಂದೊಂದು ಅಂಗವನ್ನೂ ಬೇರೆಯಾಗಿ ಕೆತ್ತಿ, ಆಮೇಲೆ ಕೂಡಿಸುತ್ತಾರೆ. ಅಲ್ಲಿನ ರೂಢಿಯ ಲೆಕ್ಕದಲ್ಲಿ ಗರುಡನಿಗೆ 12 ತುಂಡು, ಸಿಂಹಾಸನದ ಮೇಲೆ ಕುಳಿತ ಗಣಪತಿಗೆ 22 ತುಂಡು!

ಒಂದೇ ದಿಮ್ಮಿ ಏಕೆ ಸಾಲದು?

ಇಷ್ಟು ತುಂಡುಗಳೇಕೆ? ಒಂದೇ ದಿಮ್ಮಿಯಿಂದ ಕೆತ್ತಿದರೆ ಬೊಂಬೆ ಇನ್ನೂ ಗಟ್ಟಿಯಾಗುವುದಿಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಉತ್ತರ ಕಟ್ಟಿಗೆ ಒಡೆಯುವವರಿಗೆ ಗೊತ್ತು. ಕೊಡಲಿಯ ಪೆಟ್ಟು ಎಳೆಯ ಗುಂಟ ಬಿದ್ದರೆ ಕಟ್ಟಿಗೆ ಸೀಳಿಬಿಡುತ್ತದೆ. ಅಡ್ಡ ಬಿದ್ದರೆ ಕೊಡಲಿಯೇ ಸಿಕ್ಕಿಕೊಳ್ಳುತ್ತದೆ. ಮರವೆಂದರೆ ಉದ್ದುದ್ದ ನಾರಿನ ಕೊಳವೆಗಳ ಕಟ್ಟು. ಉದ್ದಕ್ಕೆ ಎಳೆದರೆ ಅದು ಬಲು ಬಿಗಿ. ಎಳೆಯಿಂದ ಎಳೆಯನ್ನು ಬಿಡಿಸುವುದು ಮಾತ್ರ ಸುಲಭ.

ಈಗ ನಿಂತಿರುವ ಗರುಡನನ್ನು ನೆನೆಯಿರಿ. ಮೈಯ ಎಳೆ ಮೇಲಿಂದ ಕೆಳಕ್ಕೆ ಇರುತ್ತದೆ. ಅದೇ ದಿಮ್ಮಿಯಲ್ಲಿ ಪಕ್ಕಕ್ಕೆ ಚಾಚಿದ ರೆಕ್ಕೆಯನ್ನು ಕೆತ್ತಿದರೆ ರೆಕ್ಕೆಯಲ್ಲಿ ಎಳೆಗಳು ಅಡ್ಡಡ್ಡ ತುಂಡಾಗಿ ನಿಲ್ಲುತ್ತವೆ. ಕೈ ತಗಲಿದರೆ ಸಾಕು, ರೆಕ್ಕೆ ಕಳಚುತ್ತದೆ. ಕೊಕ್ಕಿನ ಗತಿಯೂ ಅಷ್ಟೆ. ರೆಕ್ಕೆಯನ್ನು ಬೇರೆ ತುಂಡಿನಲ್ಲಿ, ಅದರ ಉದ್ದಕ್ಕೆ ಎಳೆ ಬರುವಂತೆ ಕೆತ್ತಿ ಆಮೇಲೆ ಮೈಗೆ ಕೂಡಿಸಿದರೆ ಪ್ರತಿ ಅಂಗಕ್ಕೂ ಅದರದೇ ಬಲ ಬರುತ್ತದೆ.

ಇನ್ನೊಂದು ಕಾರಣವೂ ಇದೆ. ಹಸಿ ಮರ ಒಣಗುವಾಗ ಕುಗ್ಗುತ್ತದೆ, ಆದರೆ ಎಲ್ಲ ಕಡೆಗೂ ಒಂದೇ ಸಮನಾಗಿ ಅಲ್ಲ. ಉದ್ದಕ್ಕೆ ನೂರರಲ್ಲಿ ಅರ್ಧ ಪಾಲೂ ಕುಗ್ಗದ ಮರ, ವರ್ತುಲಗಳ ಗುಂಟ ಅಡ್ಡಡ್ಡಲಾಗಿ ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹತ್ತು ಪಾಲು ಕುಗ್ಗಬಲ್ಲದು. ದಪ್ಪ ದಿಮ್ಮಿಗಳು ಬಿಸಿಲಿಗೆ ಸೀಳುವುದು ಇದೇ ಕಾರಣಕ್ಕೆ. ತುಂಡು ಚಿಕ್ಕದಾದಷ್ಟೂ ಒಳಗೂ ಹೊರಗೂ ಒಟ್ಟಿಗೆ ಒಣಗಿ, ಸೀಳುವ ಭಯ ಕಡಿಮೆಯಾಗುತ್ತದೆ. ರಾಯಚೂರು, ಕೊಪ್ಪಳಗಳ ಬೇಸಿಗೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರವೂ ಹಗುರವಾದದ್ದೇ ಬೇಕು. ಕಿನ್ನಾಳದವರು ಪೊಲ್ಕಿ ಎಂಬ ಮರವನ್ನು ಬಳಸುತ್ತ ಬಂದಿದ್ದಾರೆ. ತೆಲುಗು ಸೀಮೆಯ ಕೊಂಡಪಲ್ಲಿ, ನಿರ್ಮಲಗಳ ಬೊಂಬೆಗಾರರು ಪೊಣಿಕಿ ಎಂಬ ಹಗುರ ಮರವನ್ನು ಹಿಡಿದಿರುವುದೂ ಇದೇ ಗುಣಕ್ಕಾಗಿ. ಮೆತ್ತಗಿರುವುದರಿಂದ ಉಳಿಗೆ ಬೇಗ ಒಲಿಯುತ್ತದೆ. ಹಗುರವಾದ್ದರಿಂದ ಚಾಚಿದ ರೆಕ್ಕೆ ಬೊಂಬೆಯನ್ನು ಉರುಳಿಸುವುದಿಲ್ಲ.

ಹುಣಸೆಬೀಜದ ನಂಟು

ತುಂಡುಗಳೇನೋ ಸಿದ್ಧವಾದವು. ಕೂಡಿಸುವುದು ಹೇಗೆ? ಇಲ್ಲಿ ಬರುತ್ತದೆ, ನಾವು ಚೌಕಾಬಾರ ಆಡುವಾಗ ಒಂದು ಮಗ್ಗುಲು ತೇಯ್ದು ದಾಳ ಮಾಡಿಕೊಳ್ಳುವ ಅದೇ ಹುಣಸೆಬೀಜ. ಬೀಜದ ಹಿಟ್ಟನ್ನು ನೀರಿನಲ್ಲಿ ಕುದಿಸಿದರೆ ಗಟ್ಟಿ ಅಂಟು ಬರುತ್ತದೆ. ಕಂಬಳಿ ನೇಯುವವರು ನೂಲಿಗೆ ಗಂಜಿ ಕೊಡುವುದೂ ಇದರಿಂದಲೇ. ಕಿನ್ನಾಳದಲ್ಲಿ ಹುಣಸೆಬೀಜದ ಅಂಟಿಗೆ ಹರಳುಕಲ್ಲಿನ ಹುಡಿ ಬೆರೆಸಿ ಸಂದುಗಳನ್ನು ಕೂಡಿಸುತ್ತಾರೆ.

ಇದರಲ್ಲಿ ಒಂದು ಸೊಗಸಾದ ರಸಾಯನಶಾಸ್ತ್ರ ಅಡಗಿದೆ. ಮರ, ಹತ್ತಿ, ಸೆಣಬು, ಮೂರರಲ್ಲೂ ಮುಖ್ಯ ಭಾಗ ಸೆಲ್ಯುಲೋಸ್. ಗ್ಲೂಕೋಸ್ ಕಣಗಳು ಮಣಿಸರದಂತೆ ಒಂದಕ್ಕೊಂದು ಪೋಣಿಸಿಕೊಂಡಿರುವ ವಸ್ತು ಅದು. ಹುಣಸೆಬೀಜದಲ್ಲಿರುವ ಕ್ಸೈಲೋಗ್ಲೂಕನ್ ಎಂಬ ಪದಾರ್ಥದ ಬೆನ್ನೆಲುಬೂ ಅದೇ ಬಗೆಯ ಮಣಿಸರ. ಪಕ್ಕದಲ್ಲಿ ಬೇರೆ ಸಕ್ಕರೆಗಳ ಕುಚ್ಚು ಇರುತ್ತದೆ, ಅಷ್ಟೆ. ಕುಚ್ಚುಗಳಿರುವುದರಿಂದ ಅದು ಬಿಸಿನೀರಿನಲ್ಲಿ ಕರಗಿ ಹರಡುತ್ತದೆ. ಬೆನ್ನೆಲುಬು ಒಂದೇ ಆದ್ದರಿಂದ ನೀರು ಆರಿದಂತೆ ಸೆಲ್ಯುಲೋಸನ್ನು ತಬ್ಬಿ ಹಿಡಿಯುತ್ತದೆ. ಮರದ ತುಂಡಿಗೂ ಬಟ್ಟೆಯ ಚೂರಿಗೂ ಹುಣಸೆಬೀಜ ರಕ್ತಸಂಬಂಧಿ ಎಂದರೆ ತಪ್ಪಾಗಲಾರದು. ಅಂಗಡಿಯ ಅಂಟು ಇನ್ನೂ ಹುಟ್ಟದ ಕಾಲದಲ್ಲಿ, ಅನುಭವದಿಂದ ಮಾತ್ರ ಕಂಡುಕೊಂಡ ಸತ್ಯವಿದು.

ಆದರೆ ಈ ಅಂಟಿಗೆ ಒಂದು ದೋಷವಿದೆ. ಒಣಗುವಾಗ ನೀರೆಲ್ಲ ಹೋಗಿ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಕಲ್ಲಿನ ಹುಡಿ ಬೆರೆಸುವುದು ಅದಕ್ಕೇ. ಕಲ್ಲು ಕುಗ್ಗುವುದಿಲ್ಲ. ಗಾರೆಗೆ ಮರಳು ಬೆರೆಸುವ ಗೌಂಡಿಯ ಲೆಕ್ಕವೂ ಇದೇ ಅಲ್ಲವೇ?

ಒಂದರ ಮೇಲೊಂದು ಪದರ

ಕೂಡಿಸಿದ ಮಾತ್ರಕ್ಕೆ ಬಣ್ಣ ಹಚ್ಚುವಂತಿಲ್ಲ. ಹನ್ನೆರಡು ತುಂಡಿನ ಸಂದುಗಳು ಎದ್ದು ಕಾಣುತ್ತಿರುತ್ತವೆ. ಈಗ ಕಿಟ್ಟದ ಸರದಿ. ಸೆಣಬಿನ ಹಳೆಯ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಡನೆ ಕಲಸಿದರೆ ಸಿಗುವ ಕಣಕದಂಥ ವಸ್ತುವೇ ಕಿಟ್ಟ. ಅದನ್ನು ಕೈಯಿಂದಲೇ ಮೈತುಂಬ ಮೆತ್ತುತ್ತಾರೆ. ಸಂದು ಮುಚ್ಚುತ್ತದೆ, ತಗ್ಗು ತುಂಬುತ್ತದೆ.

ಅದರ ಮೇಲೆ ಹತ್ತಿ ಬಟ್ಟೆಯ ಸಣ್ಣ ಚೂರುಗಳನ್ನು ಅಂಟಿಸುತ್ತಾರೆ. ಮುರಿದ ಕೈಗೆ ಡಾಕ್ಟರು ಸುತ್ತುವ ಪಟ್ಟಿಯಲ್ಲಿ ಬಟ್ಟೆ ಇರುವುದೇಕೆ? ಬರಿಯ ಪ್ಲಾಸ್ಟರ್ ಅದುಮಿದರೆ ತಡೆಯುತ್ತದೆ, ಎಳೆದರೆ ಒಡೆಯುತ್ತದೆ. ಎಳೆತವನ್ನು ಬಟ್ಟೆಯ ನೂಲು ಹೊರುತ್ತದೆ. ಕಾಂಕ್ರೀಟಿನಲ್ಲಿ ಕಬ್ಬಿಣದ ಸರಳು ಮಾಡುವ ಕೆಲಸವೂ ಅದೇ. ಬೇಸಿಗೆಯಲ್ಲಿ ಒಳಗಿನ ತುಂಡುಗಳು ತುಸು ಕುಗ್ಗಿದರೂ ಸಂದಿನ ಮೇಲೆ ಹಾಸಿದ ಬಟ್ಟೆ ಬಿರುಕನ್ನು ಮೇಲಕ್ಕೆ ಬರಗೊಡುವುದಿಲ್ಲ.

ಬಟ್ಟೆಯ ಮೇಲೆ ಹರಳುಕಲ್ಲಿನ ಹುಡಿಯ ಲೇಪ. ಇದು ಬಣ್ಣಕ್ಕೆ ನೆಲ. ಕಿರೀಟ, ಕೊರಳ ಸರ, ತೋಳಬಂದಿಗಳೂ ಕೆತ್ತನೆಯವಲ್ಲ. ಹರಳಿನ ಹುಡಿಯನ್ನು ಗೋಂದಿನ ನೀರಿನಲ್ಲಿ ಕಲಸಿ ಬೊಂಬೆಯ ಮೈಮೇಲೆ ಉಬ್ಬಿಸಿ ಬರೆದವು.

ಪ್ರತಿ ಪದರವೂ ಆರಿದ ಮೇಲೆಯೇ ಮುಂದಿನದು. ಅವಸರ ಮಾಡಿ ಹಸಿಯ ಮೇಲೆ ಬಣ್ಣ ಬಳಿದರೆ, ಒಳಗಿನ ನೀರು ಹೊರಬರಲು ದಾರಿ ಹುಡುಕಿ ಬಣ್ಣವನ್ನೇ ಎಬ್ಬಿಸುತ್ತದೆ. ಪ್ರದರ್ಶನಗಳಲ್ಲಿ ಕಿನ್ನಾಳದ ಬೊಂಬೆಯ ಬೆಲೆ ಕೇಳಿ ಹುಬ್ಬೇರಿಸುವವರು ಈ ಕಾಯುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಣ್ಣದ ಬೆಳಕು

ಬಿಳಿಯ ನೆಲ ಏಕೆ ಬೇಕು? ಬಣ್ಣದ ತೆಳು ಪದರದೊಳಗೆ ಬೆಳಕು ಸ್ವಲ್ಪ ದೂರ ಇಳಿಯುತ್ತದೆ. ಕೆಳಗೆ ಬಿಳುಪಿದ್ದರೆ ಬೆಳಕು ಅಲ್ಲಿಂದ ಮರಳಿ, ಮತ್ತೊಮ್ಮೆ ಬಣ್ಣವನ್ನು ಹಾಯ್ದು ಕಣ್ಣಿಗೆ ಬರುತ್ತದೆ. ಕೆಂಪು ಕೆಂಪಾಗಿಯೇ ಹೊಳೆಯುತ್ತದೆ. ಕೆಳಗೆ ಕಂದು ಮರವೇ ಇದ್ದರೆ ಬೆಳಕಿನ ಬಹುಪಾಲನ್ನು ಅದೇ ನುಂಗಿಬಿಡುತ್ತದೆ, ಬಣ್ಣ ಮಂಕಾಗುತ್ತದೆ. ಹೊಳಪಿನ ಆಭರಣಗಳಿಗೆ ತವರದಿಂದ ಮಾಡುವ ಲಾಜವಾರ ಎಂಬ ಲೇಪವಿದೆ. ಒಣಗಿದ ಮೇಲೆ ಉಜ್ಜಿದರೆ ಅದು ಲೋಹದಂತೆ ಮಿನುಗುತ್ತದೆ.

ಇಲ್ಲಿ ತಂದೆತಾಯಿಗಳಿಗೆ ಒಂದು ಎಚ್ಚರಿಕೆಯ ಮಾತು. ಹಳೆಯ ಕಾಲದ ಬಣ್ಣಗಳೆಲ್ಲ ನಿರಪಾಯಕಾರಿ, ಈಗಿನವೆಲ್ಲ ವಿಷ ಎಂಬ ಭಾವನೆ ಹಲವರಲ್ಲಿದೆ. ಅದು ನಿಜವಲ್ಲ. ನಮ್ಮ ದೇಶದ ಹಳೆಯ ಚಿತ್ರಕಲೆಯಲ್ಲಿ ಬಳಕೆಯಲ್ಲಿದ್ದ ಇಂಗಳೀಕ ಪಾದರಸದ ಸಂಯುಕ್ತ, ಹಳದಿಯ ಹರಿದಳ ಶಂಖಪಾಷಾಣದ್ದು, ಸಿಂಧೂರ ಸೀಸದ್ದು. ಎಲ್ಲವೂ ನೆಲದಿಂದಲೋ ನೆಲದ ಅದಿರಿನಿಂದಲೋ ಬಂದವೇ, ಎಲ್ಲವೂ ವಿಷವೇ. ಕಾರ್ಖಾನೆಯ ಬಣ್ಣಗಳಲ್ಲೂ ಬಹುಕಾಲ ಸೀಸ ಧಾರಾಳವಾಗಿತ್ತು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಬಾರದೆಂದು ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿತು. 2017ರ ನವೆಂಬರಿನಿಂದ ಅದು ಜಾರಿಗೆ ಬಂತು. ಸೀಸ ಬೆಳೆಯುವ ಮಕ್ಕಳ ಮಿದುಳಿಗೆ ಹಾನಿಕರ. ಆದ್ದರಿಂದ ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸವಿಲ್ಲವೆಂಬ ಬರಹವಿದೆಯೇ ನೋಡಿ. ಅಟ್ಟದಲ್ಲಿ ಉಳಿದ ಹಳೆಯ ಪೇಂಟನ್ನು ಮಕ್ಕಳ ಕೈಗೆ ಕೊಡಬೇಡಿ. ಬೊಂಬೆಯನ್ನು ಬಾಯಿಗಿಡುವ ವಯಸ್ಸಿನ ಮಗು ಮನೆಯಲ್ಲಿದ್ದರೆ ಬಣ್ಣದ ಬೊಂಬೆಯ ಜಾಗ ಗೂಡಿನ ಮೇಲೇ.

ಬೆರಳೆತ್ತರದ ರಾಕ್ಷಸರು

ಕಲ್ಪನೆಯ ಪ್ರಾಣಿಗಳನ್ನು ತುಂಡುಗಳಿಂದ ಕಟ್ಟಿ ಬಣ್ಣ ಹಚ್ಚುವ ಹವ್ಯಾಸ ಹೊರದೇಶಗಳಲ್ಲೂ ಇದೆ. ಬ್ರಿಟನ್ನಿನಲ್ಲಿ 1983ರಲ್ಲಿ ವಾರ್‌ಹ್ಯಾಮರ್ ಎಂಬ ಆಟ ಹೊರಬಂದ ಮೇಲೆ ಅದು ಬಹಳ ಹಬ್ಬಿತು. ಬೆಂಕಿ ಉಗುಳುವ ಡ್ರ್ಯಾಗನ್, ಹಸಿರು ಮೈಯ ರಾಕ್ಷಸ, ಕವಚ ತೊಟ್ಟ ಯೋಧ. ಯೋಧನ ಎತ್ತರ ಸುಮಾರು 28 ಮಿಲಿಮೀಟರ್ ಮಾತ್ರ, ಹೆಬ್ಬೆರಳ ಮೇಲಿನ ಗೆಣ್ಣಿನಷ್ಟು. ಪ್ಲಾಸ್ಟಿಕ್ ತುಂಡುಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಬೇಕು. ಅಲ್ಲಿನ ಅಂಟು ನಮ್ಮ ಹುಣಸೆ ಅಂಟಿನಂತೆ ನಡುವೆ ನಿಂತು ಹಿಡಿಯುವುದಿಲ್ಲ. ಅದು ಎರಡೂ ಮಗ್ಗುಲಿನ ಪ್ಲಾಸ್ಟಿಕ್ಕನ್ನು ತುಸು ಕರಗಿಸಿ, ಒಂದರೊಳಗೊಂದು ಬೆರೆಸಿ, ತಾನು ಆವಿಯಾಗಿ ಹೋಗುತ್ತದೆ.

ಉಳಿದ ಕ್ರಮ ಮಾತ್ರ ಕಿನ್ನಾಳದ್ದೇ. ಸಂದು ತುಂಬಲು ಲಪ್ಪ, ಅದು ಅವರ ಕಿಟ್ಟ. ಬಣ್ಣಕ್ಕೆ ಮೊದಲು ಪ್ರೈಮರ್, ಅದು ಅವರ ಹರಳಿನ ಲೇಪ. ಹಾಗಾದರೆ ಆ ಪುಟ್ಟ ಯೋಧನಿಗೂ ಕಿಟ್ಟ, ಬಟ್ಟೆ ಮೆತ್ತಬಹುದೇ? ಸಾಧ್ಯವಿಲ್ಲ. 30 ಸೆಂಟಿಮೀಟರ್ ಎತ್ತರದ ಗರುಡನ ಮೂಗು ಒಂದು ಸೆಂಟಿಮೀಟರ್ ಇದೆಯೆನ್ನಿ. ಒಂದು ಮಿಲಿಮೀಟರ್ ದಪ್ಪದ ಲೇಪ ಬಿದ್ದರೂ ಮೂಗು ಮೂಗಾಗಿಯೇ ಉಳಿಯುತ್ತದೆ. ಬೊಂಬೆ 3 ಸೆಂಟಿಮೀಟರಿಗೆ ಇಳಿದರೆ ಮೂಗೇ ಒಂದು ಮಿಲಿಮೀಟರ್! ಅದೇ ಲೇಪದಲ್ಲಿ ಮುಖವೇ ಮುಳುಗಿಹೋಗುತ್ತದೆ. ಬೊಂಬೆ ಚಿಕ್ಕದಾದಂತೆ ಬಣ್ಣದ ದಪ್ಪ ತಾನಾಗಿ ಚಿಕ್ಕದಾಗುವುದಿಲ್ಲ. ಅದಕ್ಕೇ ಅಲ್ಲಿನವರು ಬಣ್ಣವನ್ನು ಹಾಲಿನಂತೆ ತೆಳ್ಳಗೆ ಮಾಡಿ ಎರಡು ಮೂರು ಸಲ ಹಚ್ಚುತ್ತಾರೆ.

ನೋಡುವ ದೂರದ್ದೂ ಒಂದು ಲೆಕ್ಕವಿದೆ. ಒಳ್ಳೆಯ ಕಣ್ಣು ಒಂದಡಿ ದೂರದಲ್ಲಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ವಿವರವನ್ನು ಬಿಡಿಸಿ ಕಾಣಬಲ್ಲದು. ಹತ್ತಡಿ ದೂರದಲ್ಲಿ ಒಂದು ಮಿಲಿಮೀಟರಿನಷ್ಟು ಬೇಕು. ಕೈಯಲ್ಲಿ ಹಿಡಿದು ನೋಡುವ ಯೋಧನಿಗೆ ಕೂದಲೆಳೆಯ ಗೆರೆ ಸಾಕು. ಗೂಡಿನಲ್ಲೋ ಮಂಟಪದಲ್ಲೋ ಕೂಡುವ ಗರುಡನಿಗೆ ದಿಟ್ಟ ಹುಬ್ಬು, ಅಗಲ ಕಣ್ಣು, ಗಾಢ ಬಣ್ಣವೇ ಸರಿ.

ಮನೆಯಲ್ಲೊಂದು ಗರುಡ

ಇದನ್ನೆಲ್ಲ ಓದಿ ತಿಳಿಯುವುದಕ್ಕಿಂತ ಮಾಡಿ ತಿಳಿಯುವುದು ಮೇಲು. ಪೊಲ್ಕಿ ಮರ ಎಲ್ಲರಿಗೂ ಸಿಗದು. ಜೋಳದ ದಂಟು ನಮ್ಮ ಸೀಮೆಯಲ್ಲಿ ಬೇಕಾದಷ್ಟು. ದಂಟಿನ ಬೆಂಡಿನಿಂದ ಗಾಡಿ ಮಾಡಿ ಆಡದವರು ಯಾರು? ಅದೇ ಬೆಂಡಿನಿಂದ ಮೈ, ತಲೆ, ಕೈಕಾಲು ಮಾಡಿ, ಸಿಪ್ಪೆಯ ಕಡ್ಡಿಯನ್ನೇ ಮೊಳೆಯಂತೆ ಚುಚ್ಚಿ ಕೂಡಿಸಿ. ಸಿಪ್ಪೆಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಜೋಕೆ. ರೆಕ್ಕೆಗೆ ರಟ್ಟು ಸಾಕು.

ಹುಣಸೆಬೀಜವನ್ನು ಹುರಿದು, ಕಪ್ಪು ಸಿಪ್ಪೆ ತೆಗೆದು, ಕುಟ್ಟಿ ಹಿಟ್ಟು ಮಾಡಿ. ಒಂದು ಪಾಲು ಹಿಟ್ಟನ್ನು ಎಂಟು ಹತ್ತು ಪಾಲು ತಣ್ಣೀರಿನಲ್ಲಿ ಮೊದಲು ಕದಡಿ, ಆಮೇಲೆ ಒಲೆಗೆ ಇಟ್ಟು ಕೈಯಾಡಿಸುತ್ತ ಅರ್ಧ ಗಂಟೆ ಕುದಿಸಿ. ಬಿಸಿನೀರಿಗೆ ಹಿಟ್ಟು ಸುರಿದರೆ ಗಂಟು ಕಟ್ಟುತ್ತದೆ. ಒಲೆಯ ಕೆಲಸಕ್ಕೆ ಹಿರಿಯರು ಜೊತೆಗಿರಲಿ. ಅಂಟು ಎರಡು ದಿನದಲ್ಲಿ ಹಳಸುವುದರಿಂದ ಬೇಕಾದಷ್ಟೇ ಮಾಡಿಕೊಳ್ಳಿ. ಮರದ ಹೊಟ್ಟು, ಗೋಣಿಚೀಲದ ಚಿಂದಿಯ ಪುಡಿ ಸೇರಿಸಿದರೆ ಕಿಟ್ಟವಾಯಿತು. ಹಳೆಯ ಧೋತರದ ಚೂರು ಮೇಲಿನ ಬಟ್ಟೆ. ಹರಳುಕಲ್ಲಿನ ಹುಡಿಗೆ ಬದಲು ಸೀಮೆಸುಣ್ಣದ ಹುಡಿಯನ್ನು ಜಾಲಿಯ ಗೋಂದಿನ ನೀರಿನಲ್ಲಿ ಕಲಸಿ ಬಳಿಯಿರಿ. ಮೂರ್ನಾಲ್ಕು ದಿನ ನೆರಳಿನಲ್ಲಿ ಆರಿಸಿ. ಆಮೇಲೆ ಬಣ್ಣ: ಮೊದಲು ಅಗಲ ಜಾಗಗಳಿಗೆ, ಬಳಿಕ ಅಂಚಿಗೆ. ನಮ್ಮ ವಿಗ್ರಹ ಸಂಪ್ರದಾಯದಂತೆ ಕಣ್ಣು ಎಲ್ಲಕ್ಕೂ ಕೊನೆಗೆ.

ಜೊತೆಗೆ ಎರಡು ಪರೀಕ್ಷೆ ಮಾಡಿ. ಒಂದು ಕಟ್ಟಿಗೆ ಪಟ್ಟಿಯ ಅರ್ಧಕ್ಕೆ ಮಾತ್ರ ಸೀಮೆಸುಣ್ಣದ ಲೇಪ ಕೊಟ್ಟು, ಇಡೀ ಪಟ್ಟಿಗೆ ಒಂದೇ ಬಣ್ಣ ಹಚ್ಚಿ ನೋಡಿ. ಇನ್ನೊಂದು: ಎರಡು ಕಡ್ಡಿಗಳನ್ನು ತುದಿಗೆ ತುದಿ ಬರಿಯ ಅಂಟಿನಿಂದ ಕೂಡಿಸಿ, ಇನ್ನೆರಡನ್ನು ಅದೇ ರೀತಿ ಕೂಡಿಸಿ ಮೇಲೆ ಬಟ್ಟೆ ಸುತ್ತಿ. ಒಣಗಿದ ಮೇಲೆ ಎರಡಕ್ಕೂ ತೂಕ ತೂಗುಹಾಕಿ, ಯಾವುದು ಎಷ್ಟು ತಡೆಯಿತೆಂದು ಬರೆದಿಡಿ. ಪಠ್ಯಪುಸ್ತಕದಲ್ಲಿ ಇಲ್ಲದಿದ್ದರೂ ಇದು ವಿಜ್ಞಾನವೇ.

ಪಾಲಕರಿಗೆ ಇಷ್ಟೇ ವಿನಂತಿ. ಶಾಲೆಯ ಪ್ರಾಜೆಕ್ಟ್ ಎಂದರೆ ಅಂಗಡಿಗೆ ಹೋಗಿ ತಯಾರಾದ ಥರ್ಮೋಕೋಲ್ ಮಾದರಿ ತಂದುಕೊಡುವುದು ಈಗ ವಾಡಿಕೆಯಾಗಿದೆ. ಅಂಕ ಬರುತ್ತದೆ, ಆದರೆ ಅಂಟು ಏಕೆ ಹಿಡಿಯುತ್ತದೆ, ಬಣ್ಣ ಏಕೆ ಏಳುತ್ತದೆ ಎಂಬುದು ಮಗುವಿಗೆ ಎಂದೂ ತಿಳಿಯುವುದಿಲ್ಲ. ವಾಲಿದ ರೆಕ್ಕೆಯ, ಸೊಟ್ಟ ಮೂಗಿನ ಗರುಡನಾದರೂ ಚಿಂತೆಯಿಲ್ಲ, ಅದು ಮಗುವಿನ ಕೈಯದೇ ಆಗಿರಲಿ. ರೆಕ್ಕೆ ಏಕೆ ವಾಲಿತೆಂದು ಅದು ತಾನೇ ಹುಡುಕಲಿ.

ಕಿನ್ನಾಳದಲ್ಲಿ ಇಂದು ಈ ಕೆಲಸ ಹಿಡಿದಿರುವ ಮನೆಗಳು ಕೆಲವೇ. ಹಗುರ ಮರ ಮೊದಲಿನಂತೆ ಸಿಗದು. ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ ಬೊಂಬೆ ಗಂಟೆಗೆ ನೂರಾರು ಇಳಿಯುತ್ತದೆ. ಕೊಳ್ಳುವವರಿಗೆ ಎರಡರ ವ್ಯತ್ಯಾಸ ತಿಳಿಯದಿದ್ದರೆ ಕಡಿಮೆ ಬೆಲೆಯದ್ದೇ ಗೆಲ್ಲುತ್ತದೆ. ವ್ಯತ್ಯಾಸ ತಿಳಿಯುವುದು ಒಮ್ಮೆಯಾದರೂ ತಾನೇ ಮಾಡಿ ನೋಡಿದ ಕೈಗೆ. ಮುಂದಿನ ಸಲ ಪ್ರದರ್ಶನದಲ್ಲೋ ಜಾತ್ರೆಯಲ್ಲೋ ಕಿನ್ನಾಳದ ಚಿತ್ರಗಾರರು ಎದುರಾದರೆ, ಬೆಲೆಗೆ ಮೊದಲು ಇದರಲ್ಲಿ ಎಷ್ಟು ತುಂಡುಗಳಿವೆ ಎಂದು ಮಕ್ಕಳಿಂದ ಕೇಳಿಸಿ. ಆ ಪ್ರಶ್ನೆ ಕೇಳಬಲ್ಲ ಗಿರಾಕಿಗೆ ಅವರು ಒಳಗಿನದೆಲ್ಲವನ್ನೂ ಸಂತೋಷದಿಂದ ಬಿಡಿಸಿ ಹೇಳುತ್ತಾರೆ.